ಒರಿಜಿನಲ್ ಫೈಲ್

ನಮ್ಮೂರಿನಲ್ಲಿ ಕಾರು ಕೆಟ್ಟು ನಿಂತಿತೆಂದರೆ ಜನ ಮೊದಲು ಕೇಳುವುದು "ನಾಳೆ ಬಾಡಿಗೆ ಇತ್ತಾ?" ಎಂದು. ಏನು ಕೆಟ್ಟಿತು, ಎಷ್ಟು ಖರ್ಚು ಎಂಬುದೆಲ್ಲ ಆಮೇಲೆ. ಕೆಜಿಎಫ್‌ನಲ್ಲಿ ಕಾರಿರುವ ಎಷ್ಟೋ ಮನೆಗಳಿಗೆ ಆ ಕಾರೇ ಸಂಬಳ. 2001ರ ಫೆಬ್ರವರಿ 28ರಂದು ಭಾರತ್ ಗೋಲ್ಡ್ ಮೈನ್ಸ್ ಮುಚ್ಚಿದ ಮೇಲೆ ಇಲ್ಲಿ ಉಳಿದವರಿಗೆ ಹೆಚ್ಚು ದಾರಿಗಳಿರಲಿಲ್ಲ. ಬೆಳಗಿನ ಜಾವ ಮಾರಿಕುಪ್ಪಂನಲ್ಲಿ ರೈಲು ಹತ್ತಿ, ಚಾಂಪಿಯನ್, ಊರಿಗಾಂ, ಕೋರಮಂಡಲ್ ದಾಟಿ ಬಂಗಾರಪೇಟೆ ಮೂಲಕ ಬೆಂಗಳೂರಿಗೆ ಹೋಗಿ ದುಡಿದು ರಾತ್ರಿ ವಾಪಸ್ ಬರುವುದು ಒಂದು ದಾರಿ. ಆ ರೈಲು ತಪ್ಪಿದವರನ್ನು, ಆಸ್ಪತ್ರೆಗೆ ಹೋಗಬೇಕಾದವರನ್ನು, ವಿಮಾನ ನಿಲ್ದಾಣಕ್ಕೆ ಹೊರಟವರನ್ನು ಕಾರಿನಲ್ಲಿ ಕರೆದೊಯ್ಯುವುದು ಇನ್ನೊಂದು. ನನ್ನ ಸೋದರಮಾವನ ಮಗ, ನಾನು ಭಾವ ಎಂದು ಕರೆಯುವವನು, ಎರಡನೆಯ ದಾರಿ ಹಿಡಿದವನು. ನಾನು ವಾರಕ್ಕೆ ಮೂರು ದಿನ ಮೊದಲನೆಯ ದಾರಿಯವನು. ಗಣಿ ಕೆಲಸದಲ್ಲಿ ಹುಟ್ಟಿದ, ಕನ್ನಡ, ತಮಿಳು, ತೆಲುಗು, ಇಂಗ್ಲಿಷ್ ಬೆರೆತ ಪದಗಳ ಮೇಲೆ ಸಂಶೋಧನೆ ಮಾಡುತ್ತಿದ್ದೇನೆ.

ಭಾವನದು ಸ್ವಿಫ್ಟ್ ಡಿಸೈರ್ ಡೀಸೆಲ್ ಕಾರು. ಊರಿನಲ್ಲಿ ಅದನ್ನು ಜಪಾನಿ ಗಾಡಿ ಎಂದೇ ಕರೆಯುತ್ತಾರೆ. ಕೆಜಿಎಫ್‌ಗೆ ಜಪಾನ್ ಹೊಸದಲ್ಲ. 1964ರಲ್ಲಿ ಸ್ಥಾಪನೆಯಾದ ಬೆಮೆಲ್ ಜಪಾನಿನ ಕೊಮಾಟ್ಸು ಕಂಪನಿಯ ತಾಂತ್ರಿಕ ನೆರವಿನಿಂದ ಬುಲ್ಡೋಜರ್ ತಯಾರಿಸಿದೆ. ಹಾಗಾಗಿ ಇಲ್ಲಿನ ಹಳೆಯ ಫಿಟ್ಟರುಗಳು ಜಪಾನಿ ಯಂತ್ರದ ಬಗ್ಗೆ ನೆಂಟರ ಬಗ್ಗೆ ಮಾತಾಡಿದಂತೆ ಮಾತಾಡುತ್ತಾರೆ. ಆದರೆ ಭಾವನ ಕಾರಿನ ಬಾನೆಟ್ ಎತ್ತಿದರೆ ವಂಶಾವಳಿ ಬೇರೆಯೇ. ಹೊರಮೈ ಸುಜುಕಿಯದು. ಒಳಗಿನ 1,248 ಸಿಸಿ ಟರ್ಬೊ ಡೀಸೆಲ್ ಎಂಜಿನ್ ಇಟಲಿಯ ಫಿಯಟ್ ಕಂಪನಿಯದು. ಫಿಯಟ್‌ನಿಂದ ಲೈಸೆನ್ಸ್ ಪಡೆದು ಹರಿಯಾಣದ ಮಾನೇಸರ್‌ನಲ್ಲಿ ಅದನ್ನು ಕಟ್ಟುತ್ತಿದ್ದರು. ಇದೇ ಎಂಜಿನ್ ಸ್ವಿಫ್ಟ್, ರಿಟ್ಜ್, ಇಂಡಿಕಾ ವಿಸ್ಟಾ, ಪುಂಟೊಗಳಲ್ಲೂ ಇದ್ದುದರಿಂದ ಅದಕ್ಕೆ ಭಾರತದ 'ರಾಷ್ಟ್ರೀಯ ಎಂಜಿನ್' ಎಂಬ ಅಡ್ಡಹೆಸರೂ ಬಿತ್ತು. ಡಿಸೈರ್‌ನಲ್ಲಿ ಅದು ಕೊಡುತ್ತಿದ್ದುದು ಸುಮಾರು 75 ಅಶ್ವಶಕ್ತಿ, 190 ನ್ಯೂಟನ್ ಮೀಟರ್ ಟಾರ್ಕ್. 2020ರ ಏಪ್ರಿಲ್‌ನಲ್ಲಿ ಬಿಎಸ್ 6 ನಿಯಮ ಬಂದಾಗ ಮಾರುತಿ ಡೀಸೆಲ್ ಕಾರುಗಳನ್ನೇ ನಿಲ್ಲಿಸಿತು. ಈಗ ಓಡುತ್ತಿರುವವೆಲ್ಲ ಹಳೆಯವು. ಕೆಟ್ಟರೆ ಹೊಸ ಭಾಗಕ್ಕಿಂತ ಮೊದಲು ಗುಜರಿಯ ನೆನಪಾಗುವ ವಯಸ್ಸಿನವು.

ಒಂದು ಮಳೆಗಾಲದಲ್ಲಿ ಆ ಕಾರು ಇದ್ದಕ್ಕಿದ್ದಂತೆ ಸ್ಟಾರ್ಟ್ ಆಗುವುದನ್ನು ನಿಲ್ಲಿಸಿತು. ಬ್ಯಾಟರಿ ಸರಿ, ಡೀಸೆಲ್ ಸರಿ, ಪಂಪ್ ಸರಿ. ಬಂಗಾರಪೇಟೆಯ ಮೆಕ್ಯಾನಿಕ್ ಎರಡು ದಿನ ಹುಡುಕಿ ಕೊನೆಗೆ ಅಂಗೈಯಗಲದ ಒಂದು ಅಲ್ಯೂಮಿನಿಯಂ ಪೆಟ್ಟಿಗೆಯನ್ನು ಬಿಚ್ಚಿ ತೋರಿಸಿದ. ಕನೆಕ್ಟರ್‌ನ ಪಿನ್ನುಗಳ ಮೇಲೆ ಹಸಿರು ಕಿಲುಬು. ಒಳಗಿನ ಬೋರ್ಡಿನ ಮೇಲೆ ನೀರಿನ ಕಲೆ. ಅದೇ ಇಸಿಯು, ಎಂಜಿನ್ ಕಂಟ್ರೋಲ್ ಯೂನಿಟ್.

ಸಾಹಿತ್ಯದ ವಿದ್ಯಾರ್ಥಿಗಳಿಗೆ ಇದರ ಕೆಲಸವನ್ನು ವಿವರಿಸುವುದು ಕಷ್ಟವೇನಲ್ಲ. ಹಳೆಯ ಡೀಸೆಲ್ ಎಂಜಿನ್‌ನಲ್ಲಿ ಎಷ್ಟು ಡೀಸೆಲ್, ಯಾವಾಗ ಎಂಬುದನ್ನು ತೀರ್ಮಾನಿಸುತ್ತಿದ್ದುದು ಸ್ಪ್ರಿಂಗು ಮತ್ತು ಹಲ್ಲುಚಕ್ರ. ಇಟಲಿಯಲ್ಲಿ ಬೆಳೆದ ಕಾಮನ್ ರೈಲ್ ತಂತ್ರಜ್ಞಾನ 1997ರಲ್ಲಿ ಆಲ್ಫಾ ರೋಮಿಯೊ 156 ಕಾರಿನಲ್ಲಿ ಬಂತು. ಅದರಲ್ಲಿ ಡೀಸೆಲ್ ಒಂದೇ ಕೊಳವೆಯಲ್ಲಿ ಸಾವಿರ ಬಾರ್‌ಗೂ ಮೀರಿದ ಒತ್ತಡದಲ್ಲಿ ಕಾಯುತ್ತಿರುತ್ತದೆ. ಇಂಜೆಕ್ಟರ್‌ನ ಬಾಯಿ ಯಾವ ಕ್ಷಣ, ಎಷ್ಟು ಹೊತ್ತು ತೆರೆಯಬೇಕು ಎಂಬುದನ್ನು ಇಸಿಯು ಹೇಳುತ್ತದೆ. ಅದಕ್ಕಾಗಿ ಅದು ಗಾಳಿ ಎಷ್ಟು ಬಂತು, ಎಂಜಿನ್ ಎಷ್ಟು ಬಿಸಿಯಾಗಿದೆ, ಟರ್ಬೊ ಎಷ್ಟು ಒತ್ತುತ್ತಿದೆ, ಚಾಲಕ ಆಕ್ಸಿಲರೇಟರನ್ನು ಎಷ್ಟು ತುಳಿದಿದ್ದಾನೆ ಎಂಬ ವರದಿಗಳನ್ನು ಕ್ಷಣಕ್ಷಣಕ್ಕೂ ಓದುತ್ತದೆ. ಓದಿ ತಾನೇ ಯೋಚಿಸುವುದಿಲ್ಲ. ಅದರ ನೆನಪಿನಲ್ಲಿ ನೂರಾರು ಕೋಷ್ಟಕಗಳಿವೆ. ಅಡ್ಡಸಾಲಿನಲ್ಲಿ ಎಂಜಿನ್ ವೇಗ, ಕಂಬಸಾಲಿನಲ್ಲಿ ಚಾಲಕನ ಬೇಡಿಕೆ. ಎರಡೂ ಸೇರುವ ಮನೆಯಲ್ಲಿ ಒಂದು ಸಂಖ್ಯೆ. ನಮ್ಮ ಮಗ್ಗಿ ಪುಸ್ತಕದ ಹಾಗೆ. ಈ ಕೋಷ್ಟಕಗಳಿಗೆ ಮ್ಯಾಪ್ ಎನ್ನುತ್ತಾರೆ. ಅದರಲ್ಲಿನ ಸಂಖ್ಯೆಗಳನ್ನು ತಿದ್ದುವುದು ರೀಮ್ಯಾಪ್.

ಹೊಸ ಇಸಿಯುಗೆ ಹೇಳಿದ ಬೆಲೆ ಭಾವನ ಎರಡು ತಿಂಗಳ ಕಂತಿಗಿಂತ ಹೆಚ್ಚಿತ್ತು. ಬರುವುದು ಯಾವಾಗ ಎಂದು ಯಾರೂ ಖಚಿತವಾಗಿ ಹೇಳಲಿಲ್ಲ. ನನ್ನ ಫೆಲೋಶಿಪ್ ಆಗಷ್ಟೇ ಬಂದಿತ್ತು. ಅದರಲ್ಲಿ ಸ್ವಲ್ಪ ಕೊಡುತ್ತೇನೆ, ಜೊತೆಗೂ ಬರುತ್ತೇನೆ ಎಂದೆ. ಹುಡುಕಾಟ ಶುರುವಾಯಿತು.

ಮೊದಲು ಬೆಂಗಳೂರಿನ ಜೆ.ಸಿ. ರಸ್ತೆ, ಆಮೇಲೆ ಶಿವಾಜಿನಗರದ ಗುಜರಿ ಅಂಗಡಿಗಳು. ಎಂಜಿನ್, ಗೇರ್‌ಬಾಕ್ಸ್, ಬಾಗಿಲು, ದೀಪ ಎಲ್ಲ ಇದ್ದವು. ಇಸಿಯು ಕೂಡ ಎರಡು ಸಿಕ್ಕವು, ಆದರೆ ಪೆಟ್ಟಿಗೆಯ ಮೇಲಿನ ಚೀಟಿಯ ಸಂಖ್ಯೆ ಹೊಂದಲಿಲ್ಲ. ನೋಡುವುದಕ್ಕೆ ಒಂದೇ ತರಹದ ಪೆಟ್ಟಿಗೆಗಳಲ್ಲಿ ಹಾರ್ಡ್‌ವೇರ್ ಸಂಖ್ಯೆ ಬೇರೆಯಾದರೆ ಒಂದರ ಮಾಹಿತಿ ಇನ್ನೊಂದಕ್ಕೆ ಕೂರುವುದಿಲ್ಲ. ಪತ್ರಾಗಾರದಲ್ಲಿ ಕಡತ ಸಂಖ್ಯೆಯ ಒಂದು ಅಂಕಿ ತಪ್ಪಾಗಿ ಬರೆದುಕೊಂಡು ಬಂದರೆ ಏನಾಗುತ್ತದೆಂದು ನನಗೆ ಗೊತ್ತು. ಹಾಗಾಗಿ ಸಂಖ್ಯೆಯ ಫೋಟೊ ತೆಗೆದುಕೊಂಡು, ಕಾಗದದಲ್ಲೂ ಬರೆದುಕೊಂಡು, ಇಬ್ಬರೂ ಬಂಗಾರಪೇಟೆಯಲ್ಲಿ ಚೆನ್ನೈ ರೈಲು ಹತ್ತಿದೆವು.

ಕೆಜಿಎಫ್‌ನವರಿಗೆ ಚೆನ್ನೈ ದೂರದ ಊರಲ್ಲ. ಗಣಿಗೆ ಜನ ಬಂದದ್ದೇ ಆ ದಿಕ್ಕಿನಿಂದ. ನಮ್ಮ ಊರಿನ ಅರ್ಧ ಮದುವೆಗಳು ಆ ಹಳಿಯ ಮೇಲೆಯೇ ಕುದುರಿವೆ. ಕುಪ್ಪಂ, ಜೋಲಾರ್‌ಪೇಟೆ, ಕಾಟ್ಪಾಡಿ ದಾಟಿ ಹೋಗಿ ಎಗ್ಮೋರ್ ಪಕ್ಕದ ಪುದುಪೇಟೆಗೆ ಇಳಿದರೆ ಹಳೆಯ ವಾಹನಗಳ ಬಿಡಿಭಾಗಗಳ ಬೀದಿಗಳು. ಒಂದು ಅಂಗಡಿಯಲ್ಲಿ ಬರೀ ಬಾಗಿಲುಗಳು, ಇನ್ನೊಂದರಲ್ಲಿ ಬರೀ ಸ್ಟೀರಿಂಗ್, ಮತ್ತೊಂದರಲ್ಲಿ ಗೋಡೆಯುದ್ದಕ್ಕೂ ಸೈಲೆನ್ಸರ್. ನಾವು ಹುಡುಕುತ್ತಿದ್ದ ಅಂಗಡಿಯಲ್ಲಿ ಹಿರಿಯರೊಬ್ಬರು ಇಸಿಯುಗಳನ್ನು ಗ್ರಂಥಾಲಯದ ಪುಸ್ತಕದಂತೆ ಬೆನ್ನು ಹೊರಗೆ ಕಾಣುವಂತೆ ಜೋಡಿಸಿಟ್ಟಿದ್ದರು. ಚೀಟಿ ನೋಡಿದ್ದೇ ತಡ, ಏಣಿ ಹಾಕಿ ಮೇಲಿನ ಅರೆಯಿಂದ ಒಂದನ್ನು ತೆಗೆದುಕೊಟ್ಟರು. ಕೊನೆಯ ಅಂಕಿಯವರೆಗೂ ಅದೇ ಸಂಖ್ಯೆ.

ಭಾವ ಬೆಲೆ ಕೇಳುವ ಮೊದಲು ಕೇಳಿದ್ದು, "ಇದು ಯಾವ ಗಾಡಿಯದ್ದು?" ಎಂದು. ಕದ್ದ ಗಾಡಿಯ ಭಾಗ ಕೊಂಡರೆ ಟ್ಯಾಕ್ಸಿಯವನ ಗತಿ ಏನೆಂದು ಅವನಿಗೆ ಗೊತ್ತಿತ್ತು. ಆ ಹಿರಿಯರು ಬೇಸರ ಮಾಡಿಕೊಳ್ಳದೆ ಒಂದು ಉದ್ದ ನೋಟ್‌ಬುಕ್ ತೆರೆದು, ಅಪಘಾತದಲ್ಲಿ ಹಿಂಭಾಗ ಜಜ್ಜಿಹೋದ ಕಾರೆಂದು, ಕೊಂಡ ತಾರೀಖಿನ ಸಮೇತ ತೋರಿಸಿ, ಬಿಲ್ ಬರೆದುಕೊಟ್ಟರು. 11,000 ರೂಪಾಯಿ. ಹಿಂದಿರುಗುವಾಗ ಆ ಪೆಟ್ಟಿಗೆ ಭಾವನ ಮಡಿಲಲ್ಲಿತ್ತು. ಯಾರದೋ ಅಪಘಾತದಿಂದ ಬಂದದ್ದು ನಮ್ಮ ಅನ್ನಕ್ಕೆ ದಾರಿಯಾಗುತ್ತಿದೆಯಲ್ಲ ಎಂದು ಅವನೇ ಒಮ್ಮೆ ಹೇಳಿ ಸುಮ್ಮನಾದ.

ಪೆಟ್ಟಿಗೆ ಸಿಕ್ಕಿದರೆ ಸಾಲದು. ಕಾರಿನ ಕೀಲಿಯೊಳಗೆ ಒಂದು ಪುಟ್ಟ ಚಿಪ್ ಇರುತ್ತದೆ. ಇಸಿಯು ಅದರ ಗುರುತು ಹಿಡಿಯದಿದ್ದರೆ ಎಂಜಿನ್ ಓಡಲು ಬಿಡುವುದಿಲ್ಲ. ಕಳ್ಳತನ ತಡೆಯುವ ಇಮ್ಮೊಬಿಲೈಸರ್ ಅದು. ಪುದುಪೇಟೆಯ ಪೆಟ್ಟಿಗೆಗೆ ಇನ್ನೂ ತನ್ನ ಹಳೆಯ ಕಾರಿನ ಕೀಲಿಯದೇ ನೆನಪು. ಪರಿಹಾರ ಒಂದೇ: ಸತ್ತ ಪೆಟ್ಟಿಗೆಯ ಮೆಮೊರಿ ಚಿಪ್‌ನಲ್ಲಿರುವುದನ್ನೆಲ್ಲ ಓದಿ, ಹೊಸದಾಗಿ ಬಂದದ್ದರಲ್ಲಿ ಅಕ್ಷರಶಃ ಬರೆಯಬೇಕು. ಕೀಲಿಯ ಗುರುತು, ಇಂಜೆಕ್ಟರ್‌ಗಳ ಸಂಕೇತ, ಮ್ಯಾಪ್‌ಗಳು ಎಲ್ಲ ಒಟ್ಟಿಗೆ ಬರುತ್ತವೆ. ನೀರು ಬೋರ್ಡನ್ನು ಕೆಡಿಸಿದ್ದರೂ ಮೆಮೊರಿ ಉಳಿದಿರಬಹುದೆಂಬ ಆಸೆಯ ಮೇಲೆ ನಾವು ಅಷ್ಟು ದೂರ ಹೋಗಿ ಬಂದಿದ್ದೆವು.

ಬಂಗಾರಪೇಟೆಯಲ್ಲಿ ಈ ಕೆಲಸ ಮಾಡುವ ಹುಡುಗನೊಬ್ಬ ಇದ್ದಾನೆ. ಡಿಪ್ಲೊಮಾ ಓದಿ, ಕೆಲವು ವರ್ಷ ಗುತ್ತಿಗೆ ಕೆಲಸ ಮಾಡಿ, ಈಗ ಒಂದು ಲ್ಯಾಪ್‌ಟಾಪ್ ಮತ್ತು ಒಂದು ಮೇಜಿನ ಮೇಲೆ ಬದುಕುತ್ತಿರುವವನು. ಅವನು ಸತ್ತ ಪೆಟ್ಟಿಗೆಗೆ ತಂತಿ ಹಚ್ಚಿ ಓದಿಸಿದ. ಪರದೆಯ ಮೇಲೆ ಶೇಕಡಾವಾರು ಏರುತ್ತಾ ಹೋದದ್ದನ್ನು ನಾವು ಮೂವರೂ ಪರೀಕ್ಷಾ ಫಲಿತಾಂಶದಂತೆ ನೋಡಿದೆವು. ಪೂರ್ತಿಯಾಯಿತು. ಅವನು ಮೊದಲು ಮಾಡಿದ ಕೆಲಸ ಅದನ್ನು ಎರಡು ಕಡೆ ಉಳಿಸಿಟ್ಟದ್ದು. ಒಂದು ಪ್ರತಿ ತನ್ನ ಲ್ಯಾಪ್‌ಟಾಪ್‌ನಲ್ಲಿ, ಒಂದು ಪೆನ್‌ಡ್ರೈವ್‌ನಲ್ಲಿ. ಕಡತದ ಹೆಸರಿನಲ್ಲಿ 'ಒರಿಜಿನಲ್' ಎಂಬ ಪದ ಸೇರಿಸಿದ. "ಏನೇ ತಿದ್ದಿದ್ರೂ ಇದಕ್ಕೆ ಕೈ ಹಚ್ಚಲ್ಲ ಅಣ್ಣ, ಕೆಟ್ರೆ ವಾಪಸ್ ಬರೋಕೆ ಇದೊಂದೇ ದಾರಿ" ಎಂದ.

ಆಮೇಲೆ ಅವನು ಸಹಜವಾಗಿಯೇ ಕೇಳಿದ: "ಹೆಂಗೂ ಬರೀತಾ ಇದೀನಿ, ರೀಮ್ಯಾಪ್ ಮಾಡಿಯೇ ಬರೀಲಾ?"

ಪರದೆಯಲ್ಲಿ ಅವನು ಕೋಷ್ಟಕಗಳನ್ನು ಬಿಡಿಸಿ ತೋರಿಸಿದಾಗ ಅಂಕಿಗಳು ಗುಡ್ಡದ ಆಕಾರ ತಾಳಿದವು. ಮ್ಯಾಪ್ ಎಂಬ ಹೆಸರು ಯಾಕೆ ಬಂತೆಂದು ಆಗ ಕಣ್ಣಿಗೆ ಕಂಡಿತು. ಇದು ಡೀಸೆಲ್ ಪ್ರಮಾಣದ ಗುಡ್ಡ, ಇದು ಟರ್ಬೊ ಒತ್ತಡದ್ದು, ಇದು ಟಾರ್ಕ್ ಮಿತಿ. ಇನ್ನೊಂದು ಸ್ಮೋಕ್ ಲಿಮಿಟರ್: ಬಂದಿರುವ ಗಾಳಿಗೆ ಸುಡಲಾಗದಷ್ಟು ಡೀಸೆಲ್ ಸುರಿಯದಂತೆ ತಡೆಯುವ ಮಿತಿ. ಕಂಪನಿ ಈ ಎಲ್ಲ ಕಡೆ ಒಂದಿಷ್ಟು ಅಂಚು ಬಿಟ್ಟಿರುತ್ತದೆ. ಕಲಬೆರಕೆ ಡೀಸೆಲ್, ರಾಜಸ್ಥಾನದ ಬಿಸಿಲು, ಸರ್ವಿಸ್ ಮಾಡಿಸದ ಮಾಲೀಕ ಎಲ್ಲರನ್ನೂ ಎಂಜಿನ್ ತಾಳಬೇಕಲ್ಲ. ಆ ಅಂಚನ್ನು ತಿಂದು ಹೆಚ್ಚು ಎಳೆತ ಪಡೆಯುವುದೇ ರೀಮ್ಯಾಪ್. ಟರ್ಬೊ ಇಲ್ಲದ ಎಂಜಿನ್‌ನಲ್ಲಿ ಇದರಿಂದ ಸಿಗುವುದು ಅಲ್ಪ. ಟರ್ಬೊ ಇದ್ದರೆ ಗಾಳಿಯನ್ನೂ ಹೆಚ್ಚು ತುರುಕಬಹುದಾದ್ದರಿಂದ ವ್ಯತ್ಯಾಸ ಕಾಲಿಗೇ ತಿಳಿಯುತ್ತದೆ. ಅದರ ಬೆಲೆಯನ್ನು ಕ್ಲಚ್, ಟರ್ಬೊ, ಗೇರ್‌ಬಾಕ್ಸ್‌ಗಳು ನಿಧಾನವಾಗಿ ತೆರುತ್ತವೆ.

ಭಾವನಿಗೆ ವೇಗದ ಹುಚ್ಚಿಲ್ಲ. ಅವನ ಕಣ್ಣಿದ್ದುದು ಎರಡರ ಮೇಲೆ. ಐದು ಜನ, ಲಗೇಜು, ಏಸಿ ಸೇರಿದಾಗ ಟರ್ಬೊ ಎದ್ದೇಳುವವರೆಗೆ ಕಾರು ಒದ್ದಾಡುತ್ತದೆ, ಅದು ಹೋಗಬೇಕು. ಎರಡನೆಯದು ಇಜಿಆರ್. ಈ ವಾಲ್ವು ಸುಟ್ಟ ಹೊಗೆಯ ಒಂದು ಪಾಲನ್ನು ಮತ್ತೆ ಎಂಜಿನ್‌ಗೆ ಕಳಿಸುತ್ತದೆ. ಅದರಿಂದ ಉರಿಯುವ ಉಷ್ಣತೆ ತಗ್ಗಿ ನೈಟ್ರೋಜನ್ ಆಕ್ಸೈಡ್‌ಗಳು ಕಡಿಮೆಯಾಗುತ್ತವೆ. ಆದರೆ ಮಸಿ ಕಟ್ಟಿ ವಾಲ್ವು ಜಾಮ್ ಆಗುತ್ತದೆ, ಬಿಚ್ಚಿ ತೊಳೆಯಲು ಒಂದು ದಿನದ ಬಾಡಿಗೆ ಹೋಗುತ್ತದೆ. ಲ್ಯಾಪ್‌ಟಾಪ್‌ನಲ್ಲಿ ಕೆಲವು ಅಂಕಿ ಸೊನ್ನೆ ಮಾಡಿದರೆ ಅದು ಶಾಶ್ವತವಾಗಿ ಮುಚ್ಚಿಕೊಂಡಿರುತ್ತದೆ. "ಎಲ್ಲ ಟ್ಯಾಕ್ಸಿಯವರೂ ಮಾಡಿಸ್ತಾರೆ, ಹೊಗೆ ತಪಾಸಣೇಲೂ ಪಾಸಾಗುತ್ತೆ" ಎಂದ ಭಾವ.

ಅವನ ಮಾತು ನಿಜ. ನಮ್ಮ ಹೊಗೆ ತಪಾಸಣೆ ಕೇಂದ್ರಗಳಲ್ಲಿ ಡೀಸೆಲ್ ಗಾಡಿಗೆ ಅಳೆಯುವುದು ಹೊಗೆಯ ಕಪ್ಪನ್ನು, ಅಂದರೆ ಬೆಳಕು ಎಷ್ಟು ತಡೆಯಿತು ಎಂಬುದನ್ನು ಮಾತ್ರ. ನೈಟ್ರೋಜನ್ ಆಕ್ಸೈಡನ್ನು ಅಲ್ಲಿ ಯಾರೂ ಅಳೆಯುವುದಿಲ್ಲ. ಮೀಟರು ನೋಡದ್ದನ್ನು ಶ್ವಾಸಕೋಶವಷ್ಟೇ ನೋಡುತ್ತದೆ.

ಇದೇ ಬಗೆಯ ಒಂದು ಮೋಸ ಜಗತ್ತಿನ ಮಟ್ಟದಲ್ಲಿ ಬಯಲಾದದ್ದು ಒಂದು ವಿಶ್ವವಿದ್ಯಾಲಯದ ಸಂಶೋಧಕರಿಂದ ಎಂಬುದನ್ನು ನಾನು ಆ ಮೇಜಿನ ಮುಂದೆ ಕೂತು ಹೇಳಿದೆ. ಅಮೆರಿಕದ ವೆಸ್ಟ್ ವರ್ಜೀನಿಯಾ ವಿಶ್ವವಿದ್ಯಾಲಯದ ಸಣ್ಣ ತಂಡವೊಂದು ಸುಮಾರು 70,000 ಡಾಲರ್ ಅನುದಾನದಲ್ಲಿ, ಅಳೆಯುವ ಉಪಕರಣಗಳನ್ನು ಕಾರಿನ ಹಿಂಭಾಗಕ್ಕೆ ಕಟ್ಟಿಕೊಂಡು ಡೀಸೆಲ್ ಕಾರುಗಳನ್ನು ರಸ್ತೆಯ ಮೇಲೆ ಓಡಿಸಿತು. ಪ್ರಯೋಗಶಾಲೆಯಲ್ಲಿ ಸಾಧುವಾಗಿದ್ದ ಫೋಕ್ಸ್‌ವ್ಯಾಗನ್ ಜೆಟ್ಟಾ ರಸ್ತೆಯಲ್ಲಿ ಮಿತಿಯ 15ರಿಂದ 35 ಪಟ್ಟು ನೈಟ್ರೋಜನ್ ಆಕ್ಸೈಡ್ ಬಿಡುತ್ತಿತ್ತು. ಕಾರಣ ಇಸಿಯು ಒಳಗಿನ ತಂತ್ರಾಂಶ. ತಾನು ಪರೀಕ್ಷೆಯ ಮೇಲಿದ್ದೇನೆಂದು ಗುರುತಿಸಿ ಆಗ ಮಾತ್ರ ಶುದ್ಧವಾಗುವಂತೆ ಅದನ್ನು ಬರೆದಿದ್ದರು. 2015ರ ಸೆಪ್ಟೆಂಬರ್‌ನಲ್ಲಿ ಇದು ಬಹಿರಂಗವಾದಾಗ ಜಗತ್ತಿನಾದ್ಯಂತ ಸುಮಾರು 1.1 ಕೋಟಿ ಕಾರುಗಳು ಅದರಲ್ಲಿ ಸೇರಿದ್ದವು. ಭಾರತದಲ್ಲೂ 3 ಲಕ್ಷಕ್ಕಿಂತ ಹೆಚ್ಚು ಕಾರುಗಳನ್ನು ಕಂಪನಿ ವಾಪಸ್ ಕರೆಯಬೇಕಾಯಿತು. ಆ ತಂಡದಲ್ಲಿದ್ದ ಹೇಮಂತ್ ಕಪ್ಪಣ್ಣ ಬೆಂಗಳೂರಿನವರು, ಆಗ ಅಲ್ಲಿ ಸಂಶೋಧನಾ ವಿದ್ಯಾರ್ಥಿ. ಕಾರು ಜಗತ್ತಿನಲ್ಲಿ ಅಷ್ಟು ದೊಡ್ಡ ಕೆಲಸ ಮಾಡಿದ ಅವರು ಮುಂದೆ ಜನರಲ್ ಮೋಟರ್ಸ್ ಸೇರಿ, 2019ರಲ್ಲಿ ಸಾವಿರಾರು ಜನರೊಂದಿಗೆ ಕೆಲಸ ಕಳೆದುಕೊಂಡರು.

"ನೋಡಿದ್ಯಾ, ಸತ್ಯ ಹೇಳ್ದವನಿಗೂ ಕೆಲಸ ಹೋಯ್ತು" ಎಂದ ಭಾವ. ಎರಡಕ್ಕೂ ಸಂಬಂಧವಿಲ್ಲ ಎಂದು ನಾನು ಹೇಳಿದೆ. ಅವನು ನಕ್ಕ. ಲ್ಯಾಪ್‌ಟಾಪ್ ಹುಡುಗನೂ ನಕ್ಕ.

ಕಾನೂನಿನ ಮಾತೂ ಬಂತು. ತಯಾರಕರ ಮೂಲ ವಿವರಕ್ಕೆ ವಿರುದ್ಧವಾಗಿ ವಾಹನ ಮಾರ್ಪಡಿಸುವಂತಿಲ್ಲ ಎಂದು 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅದೇ ವರ್ಷ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯಲ್ಲಿ ಅನುಮತಿಯಿಲ್ಲದ ಮಾರ್ಪಾಟಿಗೆ ಆರು ತಿಂಗಳವರೆಗೆ ಜೈಲು, ಇಲ್ಲವೇ ಪ್ರತಿ ಮಾರ್ಪಾಟಿಗೆ 5,000 ರೂಪಾಯಿ ದಂಡ, ಇಲ್ಲವೇ ಎರಡೂ. ಆದರೆ ಪೆಟ್ಟಿಗೆಯೊಳಗಿನ ಅಂಕಿಗಳನ್ನು ರಸ್ತೆಯಲ್ಲಿ ನಿಲ್ಲಿಸಿ ಓದುವ ಪೊಲೀಸರು ಎಲ್ಲಿದ್ದಾರೆ? ಕಾನೂನಿನ ಭಯದಿಂದ ಅಲ್ಲಿ ಯಾವ ತೀರ್ಮಾನವೂ ಆಗುವ ಹಾಗಿರಲಿಲ್ಲ. ನಾಳೆ ಹೇಳುತ್ತೇವೆಂದು ಎದ್ದು ಬಂದೆವು.

ಮಾತು ಮನೆಯಲ್ಲಿ ಮುಂದುವರಿಯಿತು, ಮಾವನ ಎದುರಿಗೆ. ಮಾವ ಚಾಂಪಿಯನ್ ರೀಫ್‌ನಲ್ಲಿ ಗಣಿ ಮುಚ್ಚುವವರೆಗೆ ಕೆಳಗಿಳಿದವರು. ಮೂರು ಕಿಲೋಮೀಟರಿಗೂ ಆಳಕ್ಕೆ ಹೋದ ಗಣಿ ಅದು. ಭಾರತದಲ್ಲಿ ಸಿಲಿಕೋಸಿಸ್ ಮೊದಲು ವರದಿಯಾದದ್ದು ಕೋಲಾರದ ಗಣಿಗಳಿಂದ, 1934ರಲ್ಲಿ. ಕಲ್ಲಿನ ಧೂಳು ಶ್ವಾಸಕೋಶದಲ್ಲಿ ಕೂತು ಗಾಯದ ಕಲೆಯಾಗಿ ಗಟ್ಟಿಯಾಗುವ ರೋಗ. ಮದ್ದಿಲ್ಲ. ಕೆಲಸ ಬಿಟ್ಟು ಎಷ್ಟೋ ವರ್ಷದ ಮೇಲೂ ಅದು ಬೆಳೆಯುತ್ತದೆ. ಮಾವ ಈಗ ಮೆಟ್ಟಿಲು ಹತ್ತಲು ಎರಡು ಕಡೆ ನಿಲ್ಲುತ್ತಾರೆ. ಬೇಸಿಗೆಯಲ್ಲಿ ಸೈನೈಡ್ ದಿಬ್ಬಗಳ ಕಡೆಯಿಂದ ಗಾಳಿ ಬೀಸಿದರೆ ಕಿಟಕಿ ಮುಚ್ಚಿಸಿ ಕೂರುತ್ತಾರೆ. ಹೊರಗಿನವರು ಆ ದಿಬ್ಬಗಳನ್ನು ಕೆಜಿಎಫ್ ಸಿನಿಮಾದಲ್ಲಿ ನೋಡಿದ್ದಾರೆ. ಚಿನ್ನ ತೆಗೆದು ಉಳಿದ ಪುಡಿಮಣ್ಣು ಅದು, ಒಟ್ಟು 3 ಕೋಟಿ ಟನ್ನಿಗೂ ಹೆಚ್ಚು.

ನನ್ನ ಸಂಶೋಧನೆಗೆಂದು ಮಾವನ ಜೊತೆ ಗಂಟೆಗಟ್ಟಲೆ ಮಾತಾಡಿದ್ದೇನೆ. ಶಾಫ್ಟು, ಕೇಜು, ಸ್ಟೋಪು, ಲೈನು ಎನ್ನುವ ಪದಗಳು ಅವರ ಬಾಯಲ್ಲಿ ಕನ್ನಡದ್ದೇ ಆಗಿವೆ. ಮ್ಯಾಪ್ ಎಂದರೆ ಅವರಿಗೆ ಸರ್ವೇ ಆಫೀಸಿನ ದೊಡ್ಡ ಹಾಳೆ: ಎಲ್ಲಿ ಬಂಡೆ ಸಿಡಿಯಬಹುದು, ಎಲ್ಲಿ ತೋಡಬಾರದು ಎಂದು ತೋರಿಸುವುದು. ಕಾರಿನಲ್ಲೂ ಮ್ಯಾಪ್ ಇರುತ್ತದೆ, ಅದರಲ್ಲಿ ಮಿತಿಗಳಿರುತ್ತವೆ, ಮಗ ಅದನ್ನು ತಿದ್ದಿಸಬೇಕೆಂದಿದ್ದಾನೆ ಎಂದು ವಿವರಿಸಿದೆ. ಅವರಿಗೆ ಎಂಜಿನ್ ವಿಷಯ ನನಗಿಂತ ಬೇಗ ಅರ್ಥವಾಯಿತು. ಇಜಿಆರ್ ಬಗ್ಗೆ ಮತ್ತೆ ಮತ್ತೆ ಕೇಳಿದರು. "ಕಣ್ಣಿಗೆ ಕಾಣದೇ ಇರೋ ಹೊಗೆನಾ?" ಎಂದರು. ಹೌದೆಂದೆ. "ನಮ್ ಧೂಳೂ ಕಾಣ್ತಾ ಇರ್ಲಿಲ್ಲ. ಕಾಣೋ ಧೂಳನ್ನ ಉಗಿದುಬಿಡ್ತಿದ್ವಿ" ಎಂದರು.

ಭಾವ ಸುಲಭಕ್ಕೆ ಬಗ್ಗಲಿಲ್ಲ, ಬಗ್ಗಬೇಕಾದ ಕಾರಣವೂ ಅವನಿಗೆ ಕಾಣಲಿಲ್ಲ. ಅವನ ವಾದ ಗಟ್ಟಿಯಾದದ್ದೇ. ಇಷ್ಟು ದೊಡ್ಡ ದಿಬ್ಬಗಳನ್ನು ಊರ ನಡುವೆ ಬಿಟ್ಟು ಹೋದವರನ್ನು ಯಾರೂ ಕೇಳಲಿಲ್ಲ. ಹಾಳು ಲಾರಿಗಳು ಕಪ್ಪು ಕಾರುತ್ತಾ ಓಡುತ್ತವೆ. ಒಂದು ಡಿಸೈರ್‌ನ ಇಜಿಆರ್‌ನಿಂದ ಊರಿನ ಗಾಳಿ ನೆಟ್ಟಗಾಗುತ್ತದಾ? ನಿಯಮ ಪಾಲಿಸುವ ಭಾರವೆಲ್ಲ ಕಂತು ಕಟ್ಟುವವನ ಮೇಲೇ ಯಾಕೆ? ನನ್ನ ಬಳಿ ಇದಕ್ಕೆ ಪೂರ್ತಿ ಉತ್ತರ ಇರಲಿಲ್ಲ, ಈಗಲೂ ಇಲ್ಲ. ದೊಡ್ಡವರು ತೊಳೆಯದೆ ಬಿಟ್ಟ ಪಾತ್ರೆಯನ್ನು ಚಿಕ್ಕವರು ತೊಳೆಯಬೇಕೆನ್ನುವುದು ನ್ಯಾಯವಲ್ಲ. ಆದರೆ ಆ ಕಾರು ರಾತ್ರಿ ನಿಲ್ಲುವುದು ಮಾವ ಮಲಗುವ ಕೋಣೆಯ ಕಿಟಕಿಯ ಕೆಳಗೆ, ಬೆಳಗಿನ ನಾಲ್ಕಕ್ಕೆ ಸ್ಟಾರ್ಟ್ ಆಗುವುದೂ ಅಲ್ಲಿಯೇ. ಅದನ್ನು ನಾನು ಹೇಳಲಿಲ್ಲ. ಅತ್ತೆ ಹೇಳಿದರು.

ಮಾರನೆಯ ದಿನ ಬಂಗಾರಪೇಟೆಗೆ ಹೋಗಿ ಭಾವ ಒರಿಜಿನಲ್ ಫೈಲನ್ನೇ ಬರೆಸಿದ. ಹುಡುಗ ಬರೆದ, ಚೆಕ್‌ಸಮ್ ಹೊಂದಿತೆಂದ, ಪೆಟ್ಟಿಗೆಯನ್ನು ಕಾರಿಗೆ ಕೂರಿಸಿದ. ಕೀಲಿ ತಿರುಗಿಸಿದಾಗ ಮೊದಲ ಸಲಕ್ಕೇ ಸ್ಟಾರ್ಟ್ ಆಯಿತು. ಇಜಿಆರ್ ವಾಲ್ವನ್ನು ಬಿಚ್ಚಿ ತೊಳೆಸಿದೆವು. ಮಸಿ ಬೆರಳುದ್ದ ಕೂತಿತ್ತು. ಅಷ್ಟರಿಂದಲೇ ಎಳೆತ ಸ್ವಲ್ಪ ಸುಧಾರಿಸಿತೆಂದು ಭಾವನೇ ಒಪ್ಪಿಕೊಂಡ. ಕನೆಕ್ಟರ್‌ಗೆ ನೀರು ಇಳಿಯದಂತೆ ಮೆಕ್ಯಾನಿಕ್ ರಬ್ಬರ್ ಹೊದಿಕೆ ಹಾಕಿಕೊಟ್ಟ. ಅದಕ್ಕೆ ದುಡ್ಡು ತೆಗೆದುಕೊಳ್ಳಲಿಲ್ಲ. ಸ್ಟೇಷನ್ ಹತ್ತಿರ ಮೂವರೂ ಬಂಗಾರಪೇಟೆ ಪಾನಿಪುರಿ ತಿಂದೆವು. ನೀರಿನಂತೆ ತಿಳಿಯಾದ ಪಾನಿಯಲ್ಲಿ ಅಷ್ಟು ಖಾರ ಎಲ್ಲಿ ಅಡಗಿರುತ್ತದೋ ಎಂದು ಹುಡುಗ ಎಂದಿನಂತೆ ಕಣ್ಣೀರು ಒರೆಸಿಕೊಂಡ.

ಪೆನ್‌ಡ್ರೈವ್ ಈಗ ನನ್ನ ಮೇಜಿನ ಡ್ರಾಯರಿನಲ್ಲಿದೆ, ಮಾವನ ಮಾತುಗಳ ರೆಕಾರ್ಡಿಂಗ್ ಇರುವ ಹಾರ್ಡ್‌ಡಿಸ್ಕ್ ಪಕ್ಕದಲ್ಲಿ. ಭಾವ ಅದರ ಬಗ್ಗೆ ಮರೆತಿಲ್ಲ. ಬಾಡಿಗೆ ಕಡಿಮೆಯಾದ ತಿಂಗಳು, ಡೀಸೆಲ್ ಬೆಲೆ ಏರಿದ ವಾರ, "ಆ ಹುಡುಗನ ಹತ್ರ ಒಂದ್ಸಲ ಹೋಗಿ ಬರೋಣ್ವಾ?" ಎಂದು ಕೇಳುತ್ತಾನೆ. ಹೋಗಬೇಡ ಎಂದು ಹೇಳುವ ಅಧಿಕಾರ ನನಗಿಲ್ಲ, ಕಾರು ಅವನದು. ಎರಡು ತಿಂಗಳಿಗೊಮ್ಮೆ ಮಾವನನ್ನು ಬೆಂಗಳೂರಿನ ಆಸ್ಪತ್ರೆಗೆ ಕರೆದುಕೊಂಡು ಹೋಗುವುದೂ ಅದೇ ಕಾರಿನಲ್ಲಿ. ಕೋಲಾರ ದಾಟಿ ಹೆದ್ದಾರಿಯ ಏರು ಬಂದಾಗ ಟರ್ಬೊ ಏಳುವವರೆಗೆ ಅದು ಇವತ್ತಿಗೂ ಸ್ವಲ್ಪ ಒದ್ದಾಡುತ್ತದೆ. ಭಾವ ಗೇರ್ ಇಳಿಸುತ್ತಾನೆ. ಮಾವ ಮುಂದಿನ ಸೀಟಿನಲ್ಲಿ ಕಿಟಕಿ ಅರ್ಧ ಇಳಿಸಿ, ಅವಸರವಿಲ್ಲ, ನಿಧಾನಕ್ಕೆ ಹೋಗಲಿ ಬಿಡು ಎನ್ನುತ್ತಾರೆ.